ಎಐ ಮಾಡಿದ ಕೆಲಸದ ತಪ್ಪು ಹಿಡಿಯೋರು ಎಲ್ಲಿಂದ ಬರ್ತಾರೆ?

ಎಐಯಿಂದ ಯಾವ ಉದ್ಯೋಗ ಹೋಗುತ್ತೆ, ಯಾವುದು ಉಳಿಯುತ್ತೆ ಅನ್ನೋ ಪಟ್ಟಿಗಳು ದಿನಕ್ಕೊಂದು ಬರ್ತಿವೆ. ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ. ಯಂತ್ರ ಇಡೀ ಉದ್ಯೋಗವನ್ನು ಒಂದೇ ಸಲಕ್ಕೆ ನುಂಗೋದು ಅಪರೂಪ. ಅದರೊಳಗಿನ ಒಂದೊಂದೇ ಕೆಲಸವನ್ನು ಎತ್ತಿಕೊಳ್ಳುತ್ತೆ. ಕೊನೆಗೆ ಮನುಷ್ಯರ ಪಾಲಿಗೆ ಉಳಿಯೋದು ಯಂತ್ರ ಮಾಡಿದ್ದನ್ನು ಪರಿಶೀಲಿಸೋ ಕೆಲಸ. ಇದು ಸುಲಭ ಅಂದುಕೊಂಡಿರೋದೇ ದೊಡ್ಡ ಅಪಾಯ.

ಎಐ ಸಾಫ್ಟ್‌ವೇರ್ ಬಿಲ್ ಓದಿ ಕಂಪ್ಯೂಟರ್‌ಗೆ ತುಂಬೋ ಬಿಲ್ ಎಂಟ್ರಿ ಕೆಲಸವನ್ನೇ ನೋಡಿ. ಬಿಲ್ ನಂಬರ್, ದಿನಾಂಕ, ತೆರಿಗೆ, ಮೊತ್ತ ಎಲ್ಲ ಸೇರಿ ಒಂದು ಬಿಲ್ಲಿನಲ್ಲಿ 10 ಕಾಲಂ ಇದೆ ಅಂತಿಟ್ಟುಕೊಳ್ಳಿ. ಸಾಫ್ಟ್‌ವೇರ್ ಮಾರೋರು 'ಶೇ. 98 ನಿಖರ' ಅಂತಾರೆ. ಅದು ಒಂದೊಂದು ಕಾಲಂಗೆ ಹೇಳಿದ ಲೆಕ್ಕವಾದರೆ, ಹತ್ತೂ ಸರಿ ಬರೋ ಸಾಧ್ಯತೆಗೆ 0.98 ಅನ್ನು ಹತ್ತು ಸಲ ಗುಣಿಸಬೇಕು. ಸುಮಾರು 0.82 ಬರುತ್ತೆ. ತಪ್ಪುಗಳು ಬಿಡಿಬಿಡಿಯಾಗಿ ಬೀಳೋದಾದರೆ 100 ಬಿಲ್ಲಿನಲ್ಲಿ ಸುಮಾರು 18ರಲ್ಲಿ ಎಲ್ಲೋ ಒಂದು ಕಡೆಯಾದರೂ ತಪ್ಪಿರುತ್ತೆ. ಆ 18 ಯಾವುದು ಅಂತ ಯಾರೂ ಗುರುತು ಹಾಕಿಕೊಡಲ್ಲ. ಅನುಮಾನ ಇರೋದನ್ನು ಮಾತ್ರ ಮನುಷ್ಯರಿಗೆ ಕಳಿಸಿ ಅಂತ ಸೆಟ್ ಮಾಡಬಹುದು ನಿಜ. ಆದರೆ ಮಸುಕಾದ 1 ಅನ್ನು 7 ಅಂತ ಪೂರ್ತಿ ವಿಶ್ವಾಸದಿಂದ ಓದಿದ ಬಿಲ್ಲು ಆ ಜರಡಿಯಲ್ಲಿ ನಿಲ್ಲೋದೇ ಇಲ್ಲ.

ಇನ್ನು ನೋಡೋ ಮನುಷ್ಯ. ಸಾಲಾಗಿ ಹತ್ತು ಬಿಲ್ಲು ಸರಿ ಬಂದ ಮೇಲೆ ಹನ್ನೊಂದನೆಯದಕ್ಕೆ ಕಣ್ಣು ಹಾಯಿಸದೆ 'ಓಕೆ' ಒತ್ತಿಬಿಡ್ತಾರೆ. ಇದು ಸೋಮಾರಿತನ ಅಲ್ಲ, ಗಮನದ ಸ್ವಭಾವವೇ ಹಾಗೆ. ಇದಕ್ಕೆ ಎರಡು ಉಪಾಯ ಇವೆ. ಯಂತ್ರದ ಉತ್ತರ ತೋರಿಸದೆ, ಪ್ರತಿ 100ರಲ್ಲಿ ಐದನ್ನು ಚೀಟಿ ಎತ್ತಿದ ಹಾಗೆ ಆರಿಸಿ ಹೊಸದಾಗಿ ತುಂಬಿಸಿ, ಆಮೇಲೆ ಎರಡನ್ನೂ ತಾಳೆ ಹಾಕಿ. ಜೊತೆಗೆ ಗೊತ್ತಿದ್ದೇ ಒಂದೆರಡು ತಪ್ಪು ಬಿಲ್ಲು ಬೆರೆಸಿಡಿ, ಎಷ್ಟು ಸಿಕ್ಕಿಬೀಳುತ್ತೆ ಅಂತ ಲೆಕ್ಕ ಇಡಿ. ಹೀಗೆ ಬೆರೆಸಿದ ತಪ್ಪು ಬಿಲ್ಲುಗಳು ಪಾವತಿ ಹಂತ ತಲುಪೋ ಮೊದಲೇ ತಾನಾಗಿ ರದ್ದಾಗೋ ಏರ್ಪಾಡು ಮಾತ್ರ ಇರಲೇಬೇಕು.

ಮನಶ್ಶಾಸ್ತ್ರಜ್ಞೆ ಲಿಸಾನ್ ಬೈನ್‌ಬ್ರಿಜ್ 1983ರಲ್ಲೇ ಇದನ್ನು ಬರೆದಿದ್ದರು: ಯಂತ್ರಕ್ಕೆ ಬಿಟ್ಟಷ್ಟೂ ಮನುಷ್ಯರಿಗೆ ಕೈಯಿಂದ ಮಾಡೋ ರೂಢಿ ತಪ್ಪುತ್ತೆ, ಆದರೆ ಯಂತ್ರ ಕೈಕೊಟ್ಟಾಗ ಬೇಕಾಗೋದು ಅದೇ ಪಳಗಿದ ಕೈ. 2009ರಲ್ಲಿ ಏರ್ ಫ್ರಾನ್ಸ್ 447 ವಿಮಾನದ ವೇಗ ಅಳೆಯೋ ಪಿಟೋ ಕೊಳವೆಗಳಲ್ಲಿ ಹಿಮಹರಳು ಕಟ್ಟಿ ಆಟೋಪೈಲಟ್ ಕಳಚಿಕೊಂಡಿತು. ಅಷ್ಟು ಎತ್ತರದಲ್ಲಿ ಕೈಯಿಂದ ವಿಮಾನ ಹಾರಿಸೋ ತರಬೇತಿ ಪೈಲಟ್‌ಗಳಿಗೆ ಸಿಕ್ಕಿರಲಿಲ್ಲ. ವಿಮಾನ ಸಮುದ್ರಕ್ಕೆ ಬಿದ್ದು 228 ಜನ ಸತ್ತರು.

ರೋಬೋಟ್‌ಗಳ ವಿಷಯವೂ ಬೇರೆ ಅಲ್ಲ. ಗೋದಾಮಿನಲ್ಲಿ ಡಬ್ಬ ಎತ್ತೋ ರೋಬೋಟ್ ಕೈಗೆ, ಗಾಳಿ ಎಳೆದು ಡಬ್ಬಕ್ಕೆ ಅಂಟಿಕೊಳ್ಳೋ ರಬ್ಬರ್ ಸಕ್ಷನ್ ಕಪ್ ಇರುತ್ತೆ. ರಟ್ಟಿನ ಮೇಲೆ ಧೂಳಿದ್ದರೆ, ಕಪ್‌ನ ಅಂಚು ಸವೆದಿದ್ದರೆ ಗಾಳಿ ಸೋರಿ ಡಬ್ಬ ಜಾರುತ್ತೆ. ಮಿನುಗೋ ಪ್ಲಾಸ್ಟಿಕ್ ಹಾಳೆ ಸುತ್ತಿದ್ದರೆ ಬೆಳಕು ಹೊಳೆದು ಕ್ಯಾಮೆರಾ ಅಂಚನ್ನೇ ತಪ್ಪಾಗಿ ಹಿಡಿಯುತ್ತೆ. ಕಪ್ ಬದಲಿಸೋದು, ವ್ಯಾಕ್ಯೂಮ್ ಫಿಲ್ಟರ್ ತೆಗೆದು ಊದೋದು, ದೀಪದ ಕೋನ ಸರಿಮಾಡೋದು, ಲೈನ್ ಮತ್ತೆ ಶುರು ಮಾಡೋದು ಎಲ್ಲಕ್ಕೂ ಮನುಷ್ಯರೇ ಬೇಕು. ಡಬ್ಬ ಹೊತ್ತವರಿಗೇ ಮೊದಲು ಈ ಕೆಲಸ ಕಲಿಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾವ ಡಬ್ಬದ ತಳ ಕಿತ್ತುಹೋಗುತ್ತೆ ಅಂತ ಅವರಿಗೆ ಮುಟ್ಟಿದರೇ ಗೊತ್ತಾಗುತ್ತೆ.

ನನಗೆ ನಿಜಕ್ಕೂ ಚಿಂತೆ ಇರೋದು ಹೊಸಬರ ಬಗ್ಗೆ. ಕರಡು ಬರೆಯೋದು, ಚಿಕ್ಕ ಪ್ರೋಗ್ರಾಂ ಬರೆಯೋದು, ಲೆಕ್ಕ ತಾಳೆ ನೋಡೋದು, ಇಂಥ ಸಣ್ಣ ಕೆಲಸ ಮಾಡಿ ಮಾಡಿಯೇ ತಪ್ಪು ಹಿಡಿಯೋ ಕಣ್ಣು ಬೆಳೆಯೋದು. ಖರ್ಚು ಉಳಿಸೋಕೆ ಅಂತ ಈ ಕೆಲಸವನ್ನೆಲ್ಲ ಎಐಗೆ ಕೊಟ್ಟು ಹೊಸಬರ ನೇಮಕಾತಿ ನಿಲ್ಲಿಸಿದರೆ, ಈಗಿನ ಅನುಭವಿಗಳು ನಿವೃತ್ತರಾದಾಗ ಅವರ ಜಾಗಕ್ಕೆ ಬರೋಕೆ ಯಾರೂ ತಯಾರಾಗಿರಲ್ಲ. ಅದಕ್ಕೇ ಮೊದಲ ವರ್ಷದವರಿಗೆ ವಾರದಲ್ಲಿ ಒಂದು ದಿನವಾದರೂ ಎಐ ಮುಟ್ಟದೆ ಕೆಲಸ ಮಾಡಿಸಿ. ಮೊದಲು ಅವರ ಉತ್ತರ ಬರೆಸಿ, ಆಮೇಲೆ ಎಐ ಉತ್ತರ ತೆರೆದು ಪಕ್ಕ ಇಡಿ. ವ್ಯತ್ಯಾಸ ಯಾಕೆ ಬಂತು ಅಂತ ಹಿರಿಯರೊಬ್ಬರು ಜೊತೆಗೆ ಕೂತು ವಿವರಿಸಲಿ. ಆ ಸಮಯವನ್ನು ಕೆಲಸದ ಅವಧಿಯಲ್ಲೇ ಎಣಿಸಿ, ಸಂಬಳವನ್ನೂ ಕೊಡಿ.