ಅವ್ವ ಹೋದ ಮೇಲಿನ ಮೂರು ರಾತ್ರಿ

ಹೋದ ಮಳೆಗಾಲದಲ್ಲಿ ಬೆಟಗೇರಿಯಲ್ಲಿ ಅವ್ವ ತೀರಿಹೋದಳು. ನಾನು ಮಿಜೋರಾಂನ ಐಜಾಲ್‌ನಲ್ಲಿದ್ದೆ. ಬ್ಯಾಂಕಿನ ಕೆಲಸಕ್ಕೆ ಇಲ್ಲಿಗೆ ಬಂದು ಆರು ವರ್ಷ ಆಯಿತು. ಇಲ್ಲಿನ ಲೆಂಗ್‌ಪುಯಿ ವಿಮಾನ ನಿಲ್ದಾಣದಿಂದ ಕೋಲ್ಕತ್ತ, ಅಲ್ಲಿಂದ ಬೆಂಗಳೂರು, ಆಮೇಲೆ ರಾತ್ರಿ ಬಸ್ಸು. ಗದಗ ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು.

ನಮ್ಮ ಚರ್ಚಿನ ಸಭೆಯವರು ಅಕ್ಕನ ಕೈಬಿಟ್ಟಿರಲಿಲ್ಲ. ಮಣ್ಣಿನ ದಿನ ಹಾಡಿದ್ದರು, ಊಟ ತಂದಿದ್ದರು. ಮೂರನೆಯ ದಿನ ಅಯ್ಯನವರು ಬಂದು ಪ್ರಾರ್ಥನೆ ಮಾಡಿದರು. ಬಂದವರೆಲ್ಲ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಧೈರ್ಯ ತಗೋರಿ. ದೇವರ ಚಿತ್ತ. ಅಳಬ್ಯಾಡ್ರಿ." ಪ್ರೀತಿಯಿಂದಲೇ ಅಂದದ್ದು. ಸಂಜೆಗೆ ಎಲ್ಲರೂ ಅವರವರ ಮನೆಗೆ ಹೋದರು. ಉಳಿದದ್ದು ಅಕ್ಕ ಮತ್ತು ನಾನು. ಅಳು ಬಂದರೆ ನಮ್ಮ ನಂಬಿಕೆ ಸಣ್ಣದಾಯಿತೇನೋ ಎಂಬ ಅಂಜಿಕೆ ಬೇರೆ.

ಹತ್ತು ದಿನ ಬಿಟ್ಟು ಐಜಾಲ್‌ಗೆ ವಾಪಸ್ ಬಂದೆ. ಅವತ್ತು ರಾತ್ರಿ ಏಳಕ್ಕೆ ಬಾಗಿಲು ಬಡಿದ ಸದ್ದು. ನಮ್ಮ ಓಣಿಯ ಇಪ್ಪತ್ತು ಇಪ್ಪತ್ತೈದು ಜನ ನಿಂತಿದ್ದರು. ಒಬ್ಬ ಹುಡುಗನ ಕೈಯಲ್ಲಿ ಖುಅಂಗ್, ಅಂದರೆ ಇಲ್ಲಿನ ಡೋಲು. ಸಾವಾದ ಮನೆಗೆ ರಾತ್ರಿ ಹೋಗಿ ಹಾಡುವುದು ಇವರ ರೂಢಿ. ಆ ಹಾಡುಗಳಿಗೆ ಖೋಹರ್ ಜಾಯ್ ಎನ್ನುತ್ತಾರೆ. ಇವರಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಹೆಚ್ಚೇನೂ ಮಾಡಬೇಕಾಗಿಲ್ಲ. 1935ರಲ್ಲಿ ಶುರುವಾದ ಯಂಗ್ ಮಿಜೋ ಅಸೋಸಿಯೇಷನ್ನಿನ ಹುಡುಗರೇ ಗುಂಡಿ ತೋಡುತ್ತಾರೆ. ಮಣ್ಣಾದ ಮೇಲೂ ಜನ ರಾತ್ರಿ ಬರುತ್ತಾರೆ. ನನ್ನ ಅವ್ವನನ್ನು ಇವರಲ್ಲಿ ಒಬ್ಬರೂ ನೋಡಿರಲಿಲ್ಲ. ಆದರೂ ಬಂದರು.

ಯಾರೂ ಧೈರ್ಯ ಹೇಳಲಿಲ್ಲ. ಸುಮ್ನೆ ಕೂತು ಹಾಡಿದರು. ನಿಧಾನದ ರಾಗ, ಡೋಲಿನ ಮೆಲ್ಲನೆಯ ಪೆಟ್ಟು. ಹಾಡು ಅಗಲಿಕೆಯ ನೋವಿನಿಂದ ಶುರುವಾಗಿ, ಮತ್ತೆ ಸೇರುವ ಊರಿನ ಕಡೆ ತಿರುಗುತ್ತದೆ. ನಾನು ಅತ್ತುಬಿಟ್ಟೆ. ಹಾಡು ನಿಲ್ಲಲಿಲ್ಲ. ನಡುವೆ ಸಿಹಿಯಾದ ಕರಿ ಚಹಾ, ಜೊತೆಗೆ ಕಚ್ಚಿಕೊಳ್ಳಲು ಬೆಲ್ಲದ ಚೂರು, ಎಲ್ಲ ಅವರೇ ತಂದದ್ದು. ಹೀಗೆ ಮೂರು ರಾತ್ರಿ. ಮೂರನೆಯ ರಾತ್ರಿ ಎದೆಯೊಳಗೆ ಏನೋ ಸಡಿಲಾಯಿತು. ಅದು ಸಂತೋಷ ಅಂತ ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ದುಃಖ ಅಲ್ಲೇ ಇತ್ತು, ಅದರ ಪಕ್ಕದಲ್ಲೇ ಇದೂ ಇತ್ತು.

ಈ ಜನ ಕಷ್ಟ ಕಾಣದವರಲ್ಲ. ಇಲ್ಲಿ ಸುಮಾರು ಐವತ್ತು ವರ್ಷಕ್ಕೊಮ್ಮೆ ಬಿದಿರು ಹೂಬಿಡುತ್ತದೆ. ಆಗ ಇಲಿಗಳು ಹೆಚ್ಚಿ ಗದ್ದೆಯ ಭತ್ತವನ್ನೆಲ್ಲ ತಿಂದುಹಾಕುತ್ತವೆ. 1959ರ ಬರ ಹಾಗೇ ಬಂತು. 1966ರ ಮಾರ್ಚ್‌ನಲ್ಲಿ, ಮಿಜೋ ಬಂಡಾಯದ ಹೊತ್ತಿನಲ್ಲಿ, ಐಜಾಲ್ ಮೇಲೆ ವಿಮಾನದಿಂದ ಬಾಂಬು ಬಿತ್ತು. ಮರುವರ್ಷದಿಂದ ಊರೂರನ್ನೇ ಎಬ್ಬಿಸಿ ರಸ್ತೆಬದಿಯ ಶಿಬಿರಗಳಿಗೆ ತಂದು ಕೂಡಿಸಿದರು. ಪಕ್ಕದ ಮನೆಯ ಅಜ್ಜಿ ಆಗ ಹುಡುಗಿ. ಅಳೆದು ಕೊಡುವ ಅಕ್ಕಿಯಲ್ಲೂ ಅವರಮ್ಮ ಪ್ರತಿ ಅಡುಗೆಗೆ ಮುಂಚೆ ಒಂದು ಹಿಡಿ ತೆಗೆದು ಬೇರೆ ಇಡುತ್ತಿದ್ದರಂತೆ. ಬುಫಾಯ್ ಥಾಮ್ ಎನ್ನುವ ಈ ಹಿಡಿ ಅಕ್ಕಿಯ ಪದ್ಧತಿ 1910ರಲ್ಲಿ ಶುರುವಾದದ್ದು, ಇವತ್ತಿಗೂ ಇದೆ. ಚರ್ಚಿನ ಹೆಂಗಸರು ಮನೆಮನೆಯಿಂದ ಆ ಅಕ್ಕಿ ಕೂಡಿಸಿ ಮಾರುತ್ತಾರೆ, ಹಣ ಸೇವೆಗೆ ಹೋಗುತ್ತದೆ. "ಹಸಿವು ಇತ್ತು. ಆದರೆ ಕೊಡುವಾಗ ನಾವು ಬಡವರು ಅನ್ನಿಸುತ್ತಿರಲಿಲ್ಲ" ಅಂದರು ಅಜ್ಜಿ.

ಕಷ್ಟವೇ ದೇವರ ವರ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಸಾವು ಸಾವೇ, ಹಸಿವು ಹಸಿವೇ. ಆದರೆ ನಾವು ಬೈಬಲನ್ನು ಒಂದು ಕಡೆ ತಪ್ಪಾಗಿ ಓದಿಕೊಂಡೆವೇನೋ ಅಂತ ಈಗ ಅನಿಸುತ್ತದೆ. ಪೌಲನು ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದಲ್ಲಿ "ಸಂತೋಷಿಸಿರಿ" ಎಂದು ಮತ್ತೆ ಮತ್ತೆ ಬರುತ್ತದೆ. ನಮ್ಮ ಕನ್ನಡದಲ್ಲಿ ಒಬ್ಬ ಹಿರಿಯರಿಗೆ ಹೇಳುವಾಗಲೂ "ಇರಿ", ಹತ್ತು ಜನಕ್ಕೆ ಹೇಳುವಾಗಲೂ "ಇರಿ". ನಾವು ಅದನ್ನು ಅಳುತ್ತಾ ಕೂತ ಒಬ್ಬರಿಗೆ ಮರ್ಯಾದೆಯಿಂದ ಕೊಟ್ಟ ಅಪ್ಪಣೆ ಅಂದುಕೊಂಡೆವು. ಪೌಲ ಬರೆದದ್ದು ಇಡೀ ಸಭೆಗೆ ಅಲ್ವಾ? ಅವನು ಸೆರೆಯಲ್ಲಿದ್ದ. ಆ ಸಭೆಯವರು ತಮ್ಮವನೇ ಆದ ಎಪಫ್ರೊದೀತ ಎಂಬವನ ಕೈಲಿ ಅವನಿಗೆ ಬೇಕಾದದ್ದನ್ನು ಕಳಿಸಿದ್ದರು. ದಾರಿಯಲ್ಲಿ ಆದದ್ದೋ ಏನೋ, ಎಪಫ್ರೊದೀತ ಜಡ್ಡಿಗೆ ಬಿದ್ದು ಸಾಯುವಂತಾಗಿದ್ದ. ಆ ಪತ್ರದ ಸಂತೋಷದ ಹಿಂದೆ ಅಂಥ ಒಬ್ಬ ಮನುಷ್ಯನ ಓಡಾಟ ಇದೆ.

ನಮ್ಮವರ ಗಟ್ಟಿತನ ನನಗೆ ಗೊತ್ತು. 1876-78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಅನಾಥಳಾಗಿ ಮಿಷನ್ನಿನವರ ಹತ್ತಿರ ಬೆಳೆದ ಮುತ್ತಜ್ಜಿಯ ಕಥೆ ಹೇಳಿಯೇ ಅವ್ವ ನಮ್ಮನ್ನು ಬೆಳೆಸಿದ್ದು. ತುಟಿ ಕಚ್ಚಿ ಸಹಿಸುವುದನ್ನು ಆ ಕಥೆಯಿಂದ ಕಲಿತೆವು. ಮುತ್ತಜ್ಜಿಯನ್ನು ಎತ್ತಿಕೊಂಡು ಹೋದ ಕೈಗಳೂ ಆ ಕಥೆಯಲ್ಲಿದ್ದವು. ಅವುಗಳ ಬಗ್ಗೆ ನಾವು ಜಾಸ್ತಿ ಕೇಳಲೇ ಇಲ್ಲ.

ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೆ. ಹೋದ ತಿಂಗಳು ಅವಳ ಓಣಿಯಲ್ಲಿ ಒಬ್ಬ ತಾಯಿ ವಯಸ್ಸಿಗೆ ಬಂದ ಮಗನನ್ನು ಕಳಕೊಂಡಳು. ಅಕ್ಕ ಮತ್ತೆ ಐದು ಜನ ಹೆಂಗಸರು ಚರ್ಚಿನ ಹಾಡುಗಳ ಸಂಗೀತ ಪುಸ್ತಕ ಹಿಡಿದು ದಿನಾ ಸಂಜೆ ಅಲ್ಲಿಗೆ ಹೋದರು. ಡೋಲು ಇಲ್ಲ, ಹಾರ್ಮೋನಿಯಂ ಇಲ್ಲ. ನಾಲ್ಕನೆಯ ದಿನ ರಾತ್ರಿ ಅಕ್ಕ ಫೋನ್ ಮಾಡಿದಳು. "ಇವತ್ತ ಆಕಿನ ಒಂದು ಪದ ಸುರು ಮಾಡಿದಳು ನೋಡು" ಅಂದಳು.