ಮಹಿಳಾ ವಿಶ್ವಕಪ್ ಪುರುಷರದ್ದನ್ನು ನೋಡಿ ಶುರುವಾಗಿದ್ದಾ?

2025ರ ನವೆಂಬರ್‌ನಲ್ಲಿ ನವಿ ಮುಂಬೈಯಲ್ಲಿ ನಮ್ಮ ಹುಡುಗಿಯರು ಕ್ರಿಕೆಟ್ ವಿಶ್ವಕಪ್ ಗೆದ್ದರಲ್ಲ, ಆಮೇಲೆ ಒಂದು ಮೆಸೇಜ್ ಓಡಾಡುತ್ತಿದೆ: 'ಪುರುಷರ ವಿಶ್ವಕಪ್ ನೋಡಿ ಮಹಿಳೆಯರದ್ದೂ ಶುರು ಮಾಡಿದರು'. ಇದು ತಪ್ಪು. ನಿಜ ಸಂಗತಿ ಉಲ್ಟಾ.

ಮೊದಲ ಮಹಿಳಾ ವಿಶ್ವಕಪ್ ನಡೆದದ್ದು 1973ರಲ್ಲಿ, ಇಂಗ್ಲೆಂಡಿನಲ್ಲಿ. ಪುರುಷರದ್ದು 1975ರಲ್ಲಿ, ಎರಡು ವರ್ಷ ತಡವಾಗಿ. 1973ರ ಕೊನೆಯ ಪಂದ್ಯ ಎಡ್ಜ್‌ಬಾಸ್ಟನ್‌ನಲ್ಲಿತ್ತು. ಇಂಗ್ಲೆಂಡಿನ ಆಟಗಾರ್ತಿ ಎನಿಡ್ ಬೇಕ್‌ವೆಲ್ 118 ರನ್ ಹೊಡೆದರು, ಇಂಗ್ಲೆಂಡ್ ಆಸ್ಟ್ರೇಲಿಯಾವನ್ನು ಸೋಲಿಸಿ ಕಪ್ ಎತ್ತಿತು. ಆ ಟೂರ್ನಿಯಲ್ಲಿ ಭಾರತ ಇರಲಿಲ್ಲ.

'ನಮ್ಮಲ್ಲಿ ಇದೆಲ್ಲ ಈಚೆಗೆ ಬಂದದ್ದು' ಅನ್ನೋದೂ ಸರಿಯಲ್ಲ. ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ವಿರುದ್ಧ. ಕ್ಯಾಪ್ಟನ್ ಇಲ್ಲಿಯವರೇ ಆದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಗೆದ್ದೂ ಬಂದರು. ಆಗ ಈ ಆಟಗಾರ್ತಿಯರು ರಿಸರ್ವೇಶನ್ ಇಲ್ಲದ ರೈಲು ಬೋಗಿಯಲ್ಲಿ ಊರೂರು ಸುತ್ತುತ್ತಿದ್ದರು, ಡಾರ್ಮಿಟರಿಯಲ್ಲಿ ಮಲಗುತ್ತಿದ್ದರು. ಬಿಸಿಸಿಐ ಮಹಿಳಾ ಕ್ರಿಕೆಟನ್ನು ತನ್ನ ಕೆಳಗೆ ತೆಗೆದುಕೊಂಡಿದ್ದು 2006ರಲ್ಲಿ. ಅಂದ್ರೆ ಮೂವತ್ತು ವರ್ಷ ಅವರು ಅಷ್ಟು ಕಷ್ಟದಲ್ಲೇ ದೇಶಕ್ಕಾಗಿ ಆಡಿದರು! ನನಗೆ ಬೇಜಾರಾಗುವುದು ಇಲ್ಲೇ. ಒಂದು ಸುಳ್ಳು ಮೆಸೇಜು ಆ ಮೂವತ್ತು ವರ್ಷವನ್ನು ಸುಮ್ನೆ ಅಳಿಸಿಬಿಡುತ್ತೆ, ಅಲ್ವಾ?