ಸಮವಸ್ತ್ರ ಮೊದಲು, ಮುಖ ಆಮೇಲೆ

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿರುವ ಕ್ಯಾರಿಯರ್ ಎಂಬ ಮೂಲನಿವಾಸಿಗಳ ನುಡಿಯಲ್ಲಿ ಪೊಲೀಸರಿಗಿರುವ ಹೆಸರಿಗೆ ‘ನಮ್ಮನ್ನು ಹೊತ್ತೊಯ್ಯುವವರು’ ಎಂಬ ಅರ್ಥವಿದೆ. ಅದು ಬೈಗುಳವಲ್ಲ, ಅನುಭವದಿಂದ ಹುಟ್ಟಿದ ಹೆಸರು. ಮನೆಯಿಂದ ಬೇರ್ಪಡಿಸಿ ತಮ್ಮ ನುಡಿ, ನಡೆಗಳನ್ನು ಮರೆಸಲೆಂದೇ ಸರ್ಕಾರ ಮತ್ತು ಚರ್ಚುಗಳು ನಡೆಸಿದ ವಸತಿ ಶಾಲೆಗಳಿಗೆ 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳು ಪಾಲಾದ ಆ ದೇಶದಲ್ಲಿ, ಮಗುವನ್ನು ಕಳಿಸಲು ಒಪ್ಪದ ತಾಯಂದಿರ ಮನೆಬಾಗಿಲಿಗೆ ಬಂದು ನಿಂತವರಲ್ಲಿ ಕೆನಡಾದ ರಾಷ್ಟ್ರೀಯ ಪೊಲೀಸ್ ಪಡೆಯಾದ ರಾಯಲ್ ಕೆನೇಡಿಯನ್ ಮೌಂಟೆಡ್ ಪೊಲೀಸರೂ ಇದ್ದರು. ಅವರ ಕೆಂಪು ಕೋಟು ಪ್ರವಾಸದ ಚಿತ್ರಗಳಲ್ಲಿ ನಮಗೆ ಬಲು ಚೆಂದ ಕಾಣುತ್ತದೆ, ಆ ಮಾತು ಬೇರೆ.

ಅಂಥ ಸಮುದಾಯದ ಹೆಣ್ಣುಮಗಳೊಬ್ಬಳು ಅದೇ ಪಡೆಗೆ ಸೇರಿ, ನಡುರಾತ್ರಿ ತನ್ನದೇ ಊರಿನ ಮನೆಯೊಂದರ ಕದ ತಟ್ಟಿದಳೆನ್ನಿ. ಒಳಗಿನ ಅಜ್ಜಿಗೆ ಮೊದಲು ಕಾಣುವುದು ಸಮವಸ್ತ್ರ; ಇವಳು ಯಾರ ಮೊಮ್ಮಗಳು ಎಂಬುದು ಹೊಳೆಯುವುದು ಆಮೇಲೆ. ಅಷ್ಟರೊಳಗೆ ಅಜ್ಜಿಯ ಕೈ ಚಿಲಕದ ಮೇಲೆ ತಡೆದು ನಿಂತಿರುತ್ತದೆ. ಹಾಗೆಂದು ಠಾಣೆಯೇನೂ ಅವಳಿಗೆ ತವರಲ್ಲ. ಈ ಪಡೆ ಹೆಣ್ಣುಮಕ್ಕಳನ್ನು ಪೂರ್ಣ ಅಧಿಕಾರಿಗಳನ್ನಾಗಿ ಸೇರಿಸಿಕೊಂಡದ್ದೇ 1974ರಲ್ಲಿ, ಮೊದಲ ತಂಡದಲ್ಲಿ 32 ಮಂದಿ. ಪಡೆಯೊಳಗಿನ ಲೈಂಗಿಕ ಕಿರುಕುಳದ ದೂರುಗಳನ್ನು ಪರಿಶೀಲಿಸಿದ ನಿವೃತ್ತ ನ್ಯಾಯಮೂರ್ತಿ ಮಿಶೆಲ್ ಬಾಸ್ತರಾಶ್ ಅವರ ವರದಿ 2020ರಲ್ಲಿ ಹೊರಬಂತು. ಪರಿಹಾರಕ್ಕೆ ಅರ್ಹರೆಂದು ತೀರ್ಮಾನವಾದ ಮಹಿಳೆಯರು 2,304. ಮೂಲನಿವಾಸಿ ಮಹಿಳೆಯರಿಗೆ ಈ ಕಿರುಕುಳದ ಜೊತೆಗೆ ಜನಾಂಗದ ಹೀಯಾಳಿಕೆಯೂ ಸೇರಿತ್ತು.

ಹೀಗಿದ್ದೂ ಅವರು ಪಡೆ ಸೇರುವುದನ್ನು ಕುಲದ್ರೋಹವೆಂದು ನಾನು ಹೇಳಲಾರೆ. ಮಗಳು ಕಾಣೆಯಾಗಿದ್ದಾಳೆಂದು ಬಂದ ತಾಯಿಗೆ ‘ಎಲ್ಲೋ ಕುಡಿಯಲು ಹೋಗಿರಬೇಕು, ಬರುತ್ತಾಳೆ ಬಿಡಿ’ ಎನ್ನುವ ಅಧಿಕಾರಿಗೂ, ಆ ಹುಡುಗಿ ಹೇಳದೆ ಕೇಳದೆ ಹೊರಗುಳಿಯುವವಳಲ್ಲ ಎಂದು ಬಲ್ಲ ಅಧಿಕಾರಿಗೂ ಇರುವ ಅಂತರ ಸಣ್ಣದಲ್ಲ. ಕಾಣೆಯಾದ, ಕೊಲೆಯಾದ ಮೂಲನಿವಾಸಿ ಹೆಣ್ಣುಮಕ್ಕಳ ಕುರಿತ ರಾಷ್ಟ್ರೀಯ ವಿಚಾರಣೆ 2019ರಲ್ಲಿ ಈ ಹಿಂಸೆಯನ್ನು ನರಮೇಧವೆಂದೇ ಕರೆಯಿತು. ನನ್ನ ತಕರಾರು ಇರುವುದು, ಇಷ್ಟು ದೊಡ್ಡ ಗಾಯಕ್ಕೆ ನಾಲ್ಕಾರು ಹೊಸ ನೇಮಕಾತಿಗಳನ್ನೇ ಮದ್ದೆಂದು ತೋರಿಸಿ, ಇಡೀ ಪಡೆ ಹೊರಬೇಕಾದ ಭಾರವನ್ನು ಆ ಹೆಣ್ಣುಮಕ್ಕಳ ಹೆಗಲಿಗೆ ಜಾರಿಸುವುದರ ಬಗ್ಗೆ.

2017ರಲ್ಲಿ ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದಲ್ಲಿ ಈ ಪಡೆಯ ಠಾಣೆಗಳಲ್ಲಿ, ಮೂಲನಿವಾಸಿಗಳಿಗೆ ಪವಿತ್ರವಾದ ಹದ್ದಿನ ಗರಿ ಹಿಡಿದು ಪ್ರಮಾಣ ಮಾಡಲು ಅವಕಾಶ ಕೊಟ್ಟರು. ಒಳ್ಳೆಯ ಕೆಲಸವೇ. ಆದರೆ ಪಡೆ ತನ್ನನ್ನು ತಾನೇ ತಿದ್ದಿಕೊಳ್ಳಲಾರದು, ಹೊರಗಿನವರ ಪರಿಶೀಲನೆ ಬೇಕು ಎಂದು ಬಾಸ್ತರಾಶ್ ಹೇಳಿದ್ದು ಮೂರು ವರ್ಷಗಳ ನಂತರ. ಗರಿ ಹಿಡಿದು ಸಹೋದ್ಯೋಗಿಯ ಮೇಲೆ ದೂರು ಕೊಟ್ಟವಳು ಮರುದಿನ ಗಸ್ತಿನ ಗಾಡಿಯಲ್ಲಿ ಅವನ ಪಕ್ಕದಲ್ಲೇ ಕೂರಬೇಕೇ ಎಂಬುದನ್ನು ಆ ಗರಿ ತೀರ್ಮಾನಿಸುವುದಿಲ್ಲ.